ಹಂಸಿಯ ಬಲಗಿವಿಗಾಗಿ ಶಾಂಘೈಗೆ

ಚೀನಾಕ್ಕೆ ಹೋಗಿ ಬಂದೆ ಎಂದ ಕೂಡಲೇ ಹುಣಸೂರಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎದ್ದ ಮೊದಲ ಪ್ರಶ್ನೆ, 'ಹಾವು ತಿಂದ್ರಾ ಮೇಡಂ?' ಎರಡನೆಯದು, 'ಆ ಮಹಾಗೋಡೆ ನೋಡಿದ್ರಾ?' ಎರಡಕ್ಕೂ ಇಲ್ಲ ಎಂದೆ. ಮೂರನೆಯ ಪ್ರಶ್ನೆ ಬರಲಿಲ್ಲ. ಅಷ್ಟು ದೂರ ಹೋಗಿ ಹಾವೂ ತಿನ್ನದೆ ಗೋಡೆಯನ್ನೂ ನೋಡದೆ ಬಂದವಳ ಬಳಿ ಹೇಳುವುದಕ್ಕೆ ಇನ್ನೇನಿದ್ದೀತು ಎಂದುಕೊಂಡಿರಬೇಕು. ನಾನು ಕಂಡ ಚೀನಾದಲ್ಲಿ ಇದ್ದದ್ದು ಒಂದು ಆಸ್ಪತ್ರೆಯ ಕಾರಿಡಾರು, ಅದರ ಹಿಂದಿನ ಓಣಿ, ಓಣಿಯ ತುದಿಯ ಬಾಡಿಗೆ ಕೋಣೆ. ಉಳಿದ ಹೊತ್ತೆಲ್ಲ ನಾನು ನೋಡುತ್ತಿದ್ದದ್ದು ಮೂರು ವರ್ಷದ ಮಗುವೊಂದರ ಬಲಗಿವಿಯನ್ನು.

ಮಗು ನನ್ನ ತಂಗಿ ಸವಿತಾಳದು. ಹೆಸರು ಹಂಸಿಕಾ, ನಮಗೆಲ್ಲ ಹಂಸಿ. ಹುಟ್ಟಿದಾಗಿನಿಂದ ಎರಡು ಕಿವಿಯೂ ಕೇಳುವುದಿಲ್ಲ. ಸವಿತಾ ಮದುವೆಯಾಗಿರುವುದು ನಮ್ಮ ಅವ್ವನ ಕೊನೆಯ ತಮ್ಮ ಕುಮಾರ ಮಾಮನನ್ನು. ಪಿರಿಯಾಪಟ್ಟಣದ ಪಕ್ಕದ ನಮ್ಮೂರಿನಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವುದೆಂದರೆ ಹೊಸ ಸಂಬಂಧ ಬೆಳೆಸುವುದಲ್ಲ, ಇದ್ದ ಸಂಬಂಧ ತಪ್ಪದಂತೆ ನೋಡಿಕೊಳ್ಳುವುದು. ಮೈಸೂರಿನ ಕಿವಿ ಡಾಕ್ಟರು ಮೂವರ ರಕ್ತವನ್ನೂ ಪರೀಕ್ಷೆಗೆ ಕಳಿಸಿ ವಿಷಯ ಬಿಡಿಸಿ ಹೇಳಿದರು. ಅಪ್ಪ ಅಮ್ಮ ಇಬ್ಬರಲ್ಲೂ ಕೆಟ್ಟ ವಂಶವಾಹಿಯೊಂದು ಸದ್ದಿಲ್ಲದೆ ಕೂತಿತ್ತು. ಮಗುವಿನಲ್ಲಿ ಎರಡೂ ಸೇರಿಕೊಂಡವು. ಶಬ್ದ ಹಿಡಿಯುವ ಜೀವಕೋಶಗಳು ಕಿವಿಯೊಳಗೆ ನೆಟ್ಟಗೇ ಇವೆ. ಅಲ್ಲಿಂದ ನರಕ್ಕೆ ಸುದ್ದಿ ದಾಟಿಸುವ ಪ್ರೋಟೀನು ಮಾತ್ರ ತಯಾರಾಗುತ್ತಿಲ್ಲ. 'ಕಂಬದ ತನಕ ಕರೆಂಟ್ ಬಂದಿದೆ ಮಾಮ, ಮನೆಗೆ ವೈರ್ ಎಳೆದಿಲ್ಲ' ಎಂದು ನಾನು ಹೇಳಿದ ಮೇಲೆ ಮಾಮನಿಗೆ ಅರ್ಥವಾಯಿತು. ಅರ್ಥವಾದ ಮೇಲೆ ಅವರು ಎದ್ದು ಹೊಗೆಸೊಪ್ಪಿನ ಹೊಲದ ಕಡೆಗೆ ಹೋದರು, ಕತ್ತಲಾಗುವವರೆಗೂ ಬರಲಿಲ್ಲ.

ದಾರಿ ಎರಡಿದ್ದವು. ಮೈಸೂರಿನಲ್ಲೇ ಕಿವಿಯೊಳಗೆ ಯಂತ್ರ ಕೂರಿಸುವುದು ಒಂದು. ಇನ್ನೊಂದು, ಈಚೆಗೆ ಕೆಲವು ದೇಶಗಳಲ್ಲಿ ಶುರುವಾಗಿರುವ ವಂಶವಾಹಿ ಚಿಕಿತ್ಸೆ. ಸರಿಯಿರುವ ವಂಶವಾಹಿಯನ್ನೇ ಕಿವಿಯೊಳಕ್ಕೆ ಬಿಡುತ್ತಾರೆ. ಅದಿನ್ನೂ ಸಂಶೋಧನೆಯ ಹಂತದಲ್ಲಿದೆ. ಒಂದು ಕಿವಿಗೆ ಮಾತ್ರ ಮಾಡುತ್ತಾರೆ, ಅದೂ ಒಂದೇ ಸಲ. ಆಮೇಲೆ ಮೈ ಆ ಔಷಧಿಯ ಗುರುತು ಹಿಡಿದುಬಿಡುವುದರಿಂದ ಅದೇ ಮಗುವಿಗೆ ಮತ್ತೆ ಕೊಡಲು ಬರುವುದಿಲ್ಲ. ಶಾಂಘೈನ ಒಂದು ತಂಡ ಹಂಸಿಯನ್ನು ಸೇರಿಸಿಕೊಳ್ಳಲು ಒಪ್ಪಿತು. ನಾನು ಯಂತ್ರದ ಕಡೆ, ಸವಿತಾ ಚಿಕಿತ್ಸೆಯ ಕಡೆ. ಗೆದ್ದವಳು ಅವಳು, ಹೆತ್ತವಳಲ್ಲವೇ. ಹೊಗೆಸೊಪ್ಪು ಹದ ಮಾಡುವ ಕಾಲ, ಸೊಪ್ಪು ಬೇಯಿಸುವ ಬ್ಯಾರನ್ನಿನ ಬೆಂಕಿ ಬಿಟ್ಟು ಮಾಮ ಬರುವಂತಿರಲಿಲ್ಲ. ಇಂಗ್ಲಿಷ್ ಬರುತ್ತದೆಂಬ ಒಂದೇ ತಪ್ಪಿಗೆ ನಾನು ಹೊರಟೆ.

ಬೆಂಗಳೂರು, ವಿಮಾನ ನಿಲ್ದಾಣ

ತಪಾಸಣೆಯವರು ಸವಿತಾಳ ಕೈಚೀಲ ತೆಗೆಸಿದರು. ಚಕ್ಕುಲಿ, ಹುರಿಗಡಲೆ, ರಾಗಿ ಹಿಟ್ಟು, ಎಲ್ಲ ಆದ ಮೇಲೆ ತಳದಲ್ಲಿ ಕೆಮ್ಮಿನ ಔಷಧಿಯ ಹಳೇ ಸೀಸೆ, ಅದರ ತುಂಬ ಎಣ್ಣೆ. ಹುಡುಗ ಮುಚ್ಚಳ ತೆಗೆದು ಮೂಸಿ ಮುಖ ಕಿವುಚಿದ.

'ಇದೇನಮ್ಮ?'

'ಮಂಡಿ ನೋವ್ಗೆ ಕಣಪ್ಪ' ಎಂದಳು ಸವಿತಾ, ಮುಖ ಅಲುಗಿಸದೆ.

ಮೂವತ್ತು ತುಂಬದವಳಿಗೆ ಎಂಥ ಮಂಡಿ ನೋವು ಎಂದು ನಾನೂ ಅಂದುಕೊಂಡೆ. ಆದರೆ ಹಿಂದೆ ಸಾಲು ಬೆಳೆಯುತ್ತಿತ್ತು. ಸೀಸೆ ಚಿಕ್ಕದೆಂದು ಅವನು ಬಿಟ್ಟ.

ವಿಮಾನ ಇಳಿಯುವಾಗ ಹಂಸಿ ಕಿವಿ ಹಿಡಿದುಕೊಂಡು ಒಂದೇ ಸಮ ಅತ್ತಳು. ಕೇಳದ ಕಿವಿಗೂ ನೋವು ಬರುತ್ತದೆ ಎಂಬುದು ಸುತ್ತ ಕೂತವರಿಗೆ ಗೊತ್ತಿಲ್ಲ. ತಾಯಿ ಹಾಡು ಹೇಳಿ ಸಮಾಧಾನ ಮಾಡಬಾರದೇ ಎಂಬಂತೆ ತಿರುಗಿ ತಿರುಗಿ ನೋಡಿದರು. ಹಾಡಿನಿಂದ ಸಮಾಧಾನವಾಗುವ ಮಗುವಾಗಿದ್ದರೆ ನಾವು ಆ ವಿಮಾನದಲ್ಲಿ ಯಾಕೆ ಕೂರುತ್ತಿದ್ದೆವು? ಸವಿತಾ ಸೆರಗಿನಲ್ಲಿ ಮಗುವಿನ ತಲೆ ಮುಚ್ಚಿ ಎದೆಗೆ ಒತ್ತಿಕೊಂಡಳು.

ಶಾಂಘೈ, ಕಿವಿ ವಿಭಾಗ

ಚೀನಾದವರು ಬಿಸಿನೀರಿನ ಜನ. ಧಗೆಯಲ್ಲಿ ಬೆವರು ಸುರಿಯುತ್ತಿದ್ದರೂ ಬಿಸಿನೀರೇ ಕುಡಿಯುತ್ತಾರೆ. ಕಾರಿಡಾರಿನ ಮೂಲೆ ಮೂಲೆಗೂ ಬಿಸಿನೀರಿನ ನಲ್ಲಿ, ಎಲ್ಲರ ಕೈಯಲ್ಲೂ ಫ್ಲಾಸ್ಕು. ಬಾಣಂತಿಗೂ ನೆಗಡಿಗೂ ಹೊಟ್ಟೆನೋವಿಗೂ ಒಂದೇ ಮದ್ದು ಕೊಡುವ ನಮ್ಮವ್ವ ಇಲ್ಲಿ ಹುಟ್ಟಿದ್ದರೆ ದೊಡ್ಡ ಡಾಕ್ಟರಾಗುತ್ತಿದ್ದಳು ಎಂದು ಸವಿತಾಳಿಗೆ ಹೇಳಿದೆ. ಅವಳು ನಗಲಿಲ್ಲ. ಆಪರೇಷನ್ನಿಗೆ ಮುಂಚಿನ ಕೊನೆಯ ತಪಾಸಣೆ ಅವತ್ತು.

ಮಾತು ದಾಟಿಸಲು ಶೆರಿನ್ ಎಂಬ ಹುಡುಗಿ ಬಂದಿದ್ದಳು. ಅಲ್ಲೇ ಡಾಕ್ಟರಿಕೆ ಓದುತ್ತಿರುವ ಮಲಯಾಳಿ. ನಾವು ಮೈಸೂರು ಕಡೆಯವರೆಂದು ತಿಳಿದದ್ದೇ ಇಂಗ್ಲಿಷ್ ಬಿಟ್ಟುಬಿಟ್ಟಳು. ಅವಳಪ್ಪ ಕೋಟೆ ತಾಲ್ಲೂಕಿನ ಎನ್. ಬೇಗೂರಿನ ಹತ್ತಿರ ಗುತ್ತಿಗೆಗೆ ಜಮೀನು ಹಿಡಿದು ಶುಂಠಿ ಬೆಳೆಯುತ್ತಿದ್ದರಂತೆ. ರಜೆಯಲ್ಲಿ ಶುಂಠಿ ಹೊಲದ ಆಳುಗಳಿಂದ ಕಲಿತ ಕನ್ನಡ ಅವಳದು. 'ಚೇಚಿ ಹೆದರಬೇಡ, ಡಾಕ್ಟರ್ ಒಳ್ಳೇದು ಉಂಟು' ಎಂದು, ಅಕ್ಕ ಎನ್ನುವುದನ್ನು ಮಾತ್ರ ಮಲಯಾಳದಲ್ಲೇ ಉಳಿಸಿಕೊಂಡು, ಸವಿತಾಳ ಕೈ ಹಿಡಿದಳು.

ಡಾಕ್ಟರ್ ಶೆನ್ ಐವತ್ತರ ಆಸುಪಾಸಿನ ಹೆಂಗಸು, ನಿಧಾನದ ಕೈ. ಔಷಧಿ ಹೇಗೆ ಕೆಲಸ ಮಾಡುತ್ತದೆಂದು ಇನ್ನೊಮ್ಮೆ ವಿವರಿಸಿದರು. ವಂಶವಾಹಿಯನ್ನು ಒಳಗೆ ಹೊತ್ತೊಯ್ಯುವುದು ರೋಗ ತಾರದ ಒಂದು ಪುಟ್ಟ ವೈರಸ್. ಈ ವಂಶವಾಹಿ ದೊಡ್ಡದು, ಒಂದು ವೈರಸ್ಸಿನಲ್ಲಿ ಹಿಡಿಸುವುದಿಲ್ಲ. ಅದಕ್ಕೇ ಎರಡು ತುಂಡು ಮಾಡಿ ಎರಡರಲ್ಲಿ ಕಳಿಸುತ್ತಾರೆ, ಒಳಗೆ ಹೋದ ಮೇಲೆ ಕೂಡಿಕೊಳ್ಳುತ್ತದೆ.

ಸವಿತಾ ಹಿಡಿದದ್ದು ಒಂದೇ ಪದ. 'ವೈರಸ್ ಅಂದ್ರೆ ಕಾಯ್ಲೆ ಅಲ್ವಾ ಅಕ್ಕ? ಕೂಸ್ಗೆ ಕಾಯ್ಲೆ ಬುಡ್ತಾರಾ?'

'ಬಾಗಿಲಲ್ಲಿ ಹಿಡಿಸದ ಮಂಚಾನ ಬಿಚ್ಚಿ ಎರಡು ಆಳಿನ ಮೇಲೆ ಹೊರಿಸಿ ಒಳಗೆ ಜೋಡಿಸಲ್ವಾ, ಅಂಗೆ ಕಣೇ. ಆಳು ವೈರಸ್ಸು, ಮಂಚ ಔಷಧಿ' ಎಂದೆ. ಆಳು ಒಳ್ಳೆಯವನೋ ಅಲ್ಲವೋ ಎಂದು ಕೇಳಿದಳು. ಒಳ್ಳೆಯವನೇ ಎಂದು ನನ್ನ ಬಿಎಸ್ಸಿಯ ಮೇಲೆ ಆಣೆಯಿಟ್ಟೆ.

ಆಮೇಲೆ ಹಂಸಿಯನ್ನು ಮಲಗಿಸಿ, ಔಷಧಿ ಬಿಡಬೇಕಾಗಿದ್ದ ಬಲಗಿವಿಯ ಮೇಲೆ ಸೂಕ್ಷ್ಮದರ್ಶಕ ಬಗ್ಗಿಸಿದರು. ಕಿವಿಯ ಒಳಗೆಲ್ಲ ಪಕ್ಕದ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. ಡಾಕ್ಟರ್ ಶೆನ್ ಕೈ ನಿಲ್ಲಿಸಿದರು. ಏನೋ ಕೇಳಿದರು. ಶೆರಿನ್ ನಮ್ಮ ಕಡೆ ತಿರುಗಿದಳು.

'ಚೇಚಿ, ಕಿವೀಲಿ ಎಣ್ಣೆ ಹಾಕಿದೆಯಾ?'

ಪರದೆಯ ಮೇಲೆ ಕಿವಿಯ ನಾಳ ಕೆಂಪಗೆ ಊದಿಕೊಂಡು ಮಿರಿಮಿರಿ ಮಿಂಚುತ್ತಿತ್ತು. ಒಂದು ಕಡೆ ಗೀರಿದ ಗಾಯ. ನಾನು ಸವಿತಾಳನ್ನು ನೋಡಿದೆ. ಅವಳು ಪರದೆಯನ್ನು ನೋಡುತ್ತಿದ್ದಳು.

'ಇಮಾನದಲ್ಲಿ ಕಿವಿ ನೋವು ಅಂತ ಅಷ್ಟ್ ಅತ್ತಳಲ್ಲ ಅಕ್ಕ. ಅವ್ವ ಬೆಳ್ಳುಳ್ಳಿ ಹಾಕಿ ಕಾಯ್ಸಿ ಕೊಟ್ಟಿತ್ತು. ರೂಮಿಗೆ ಬಂದ್ಮೇಲೆ ಬೆಚ್ಚಗೆ ಮಾಡಿ ಬುಟ್ಟೆ. ಎಲ್ಡ್ ದಿನ. ಡಾಕ್ಟ್ರು ನೋಡ್ದಾಗ ಕೊಳೆ ಇರ್ಬಾರ್ದು ಅಂತ ಹೇರ್‌ಪಿನ್ನಿಗೆ ಹತ್ತಿ ಸುತ್ತಿ ತೆಗ್ದೆ.'

ನಮ್ಮೂರಿನಲ್ಲಿ ಕಿವಿಗೆ ಏನೇ ಬಂದರೂ ಎಣ್ಣೆ. ನೋವಿಗೆ ಎಣ್ಣೆ, ಗುಗ್ಗೆಗೆ ಎಣ್ಣೆ. ಹಂಸಿಯ ಕಿವಿ ಕೇಳುವುದಿಲ್ಲವೆಂದು ಗೊತ್ತಾದ ದಿನದಿಂದ ಅವ್ವ, ಒಳಗೆ ಒಣಗಿದೆ ಎಂದುಕೊಂಡು, ವಾರವಾರ ಎಣ್ಣೆ ಬಿಡುತ್ತಿದ್ದಳು. ನಾನು ಹೇಳಿ ಹೇಳಿ ಬಿಡಿಸಿದ್ದೆ. ಈಗ ಅದೇ ಎಣ್ಣೆ ವಿಮಾನ ಹತ್ತಿ ಚೀನಾಕ್ಕೆ ಬಂದಿತ್ತು. ನನಗೆ ಎಷ್ಟು ಸಿಟ್ಟು ಬಂತೆಂದರೆ ಬಾಯಿ ತೆರೆದರೆ ಏನಂದುಬಿಡುತ್ತೇನೋ ಎಂದು ಹೆದರಿ ಹೊರಗೆ ಹೋಗಿ ನಿಂತೆ.

ಹೊರಗೆ ಬಂದು ಡಾಕ್ಟರ್ ಶೆನ್ ಹೇಳಿದ್ದನ್ನು ಶೆರಿನ್ ದಾಟಿಸಿದಳು. ಸೋಂಕಿರುವ ಕಿವಿಯನ್ನು ತೆರೆಯುವಂತಿಲ್ಲ. ಆಪರೇಷನ್ ಮುಂದಕ್ಕೆ. ಹನಿ ಹಾಕಿ ನೋಡುವುದು, ವಾರದ ಕೊನೆಗೆ ಊತ ಇಳಿದರೆ ಸರಿ. ಇಳಿಯದಿದ್ದರೆ ಹಂಸಿಯ ಜಾಗ ಸಾಲಿನಲ್ಲಿರುವ ಮುಂದಿನ ಮಗುವಿಗೆ. ಮತ್ತೆ ನಮಗೆ ಯಾವಾಗ ಎಂದು ಹೇಳಲಾಗುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು ನಮ್ಮ ಕತೆ.

ಆಸ್ಪತ್ರೆಯ ಹಿಂದಿನ ಓಣಿ

ದಿನವೂ ಬೆಳಿಗ್ಗೆ ಹನಿ ಹಾಕಿಸಲು ಹೋಗುತ್ತಿದ್ದೆವು. ಕಾರಿಡಾರಿನ ಎದುರು ಬೆಂಚಿನಲ್ಲಿ ಒಬ್ಬ ಹೆಂಗಸು, ಮಡಿಲಲ್ಲಿ ಹಂಸಿಯಷ್ಟೇ ದೊಡ್ಡ ಗಂಡುಮಗು. ಆ ಮಗುವೂ ಕೇಳದ್ದು. ಮುಂದಿನ ಸರದಿ ಅದರದೇ ಎಂದು ಶೆರಿನ್ ಬಾಯಿಂದ ತಿಳಿಯಿತು. ಆಕೆಗೂ ನಮ್ಮ ವಿಷಯ ತಿಳಿದಿತ್ತು. ಹಂಸಿ ಒಳಗಿನಿಂದ ಬಂದ ಕೂಡಲೇ ಆಕೆಯ ಕಣ್ಣು ನೇರ ಅವಳ ಕಿವಿಗೆ ಹೋಗುತ್ತಿತ್ತು. ನಮ್ಮ ಮಗುವಿನ ಊತ ಇಳಿಯಬೇಕೆಂದು ನಾವು, ಇಳಿಯಬಾರದೆಂದು ಅವಳು. ಹಾಗೆಂದು ಅವಳು ಬಾಯಿಬಿಟ್ಟು ಹೇಳಿದಳೇ? ಇಲ್ಲ. ಅವಳ ಜಾಗದಲ್ಲಿ ಕೂತಿದ್ದರೆ ನಾನು ಹಾಗೇ ಬಯಸುತ್ತಿದ್ದೆ, ಅದರಿಂದ ಹೇಳಿದೆ. ಒಂದು ದಿನ ಆಕೆ ಎದ್ದು ಬಂದು ತನ್ನ ಫ್ಲಾಸ್ಕಿನಿಂದ ಸವಿತಾಳಿಗೆ ಬಿಸಿನೀರು ಬಗ್ಗಿಸಿ ಕೊಟ್ಟಳು. ಸವಿತಾ ಕುಡಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆ ಓಣಿಯಲ್ಲಿ ಒಂದು ಅಂಗಡಿಯಿದೆ. ಗಾಜಿನ ಆಚೆ ಒರಗುಕುರ್ಚಿಗಳ ಸಾಲು. ಗಿರಾಕಿಗಳು ಕಣ್ಣು ಮುಚ್ಚಿ ಒರಗಿದ್ದಾರೆ. ಹಣೆಗೆ ದೀಪ ಕಟ್ಟಿಕೊಂಡ ಹುಡುಗಿಯರು ಉದ್ದುದ್ದ ಬಿದಿರುಕಡ್ಡಿಯಿಂದ ಅವರ ಕಿವಿ ಕೆದಕುತ್ತಿದ್ದಾರೆ. ಕೊನೆಗೆ ಹಕ್ಕಿಪುಕ್ಕದ ಕುಂಚದಿಂದ ಒಂದು ಕಚಗುಳಿ. ಕಿವಿಯ ಗುಗ್ಗೆ ತೆಗೆಸಿಕೊಳ್ಳುವುದು ಅಲ್ಲಿ ಹಳೆಯ ಸುಖವಂತೆ.

ಸವಿತಾ ಗಾಜಿಗೆ ಮುಖ ಒತ್ತಿ ನಿಂತಳು. 'ನೋಡಕ್ಕ, ಇವ್ರೂ ಮಾಡ್ತರೆ! ಬೀದೀಲೇ ಅಂಗ್ಡಿ ಮಡಿಕಂಡು ಮಾಡ್ತರೆ! ನನ್ನೊಬ್ಬಳ್ನೇ ತಪ್ಪಿತಸ್ತೆ ಮಾಡ್ದಲ್ಲ ನೀನು.'

ಮರುದಿನ ಶೆರಿನ್ ಈ ಮಾತನ್ನು ಡಾಕ್ಟರ್ ಶೆನ್‌ಗೆ ದಾಟಿಸಿದಾಗ ಅವರು ಮೊದಲ ಸಲ ನಕ್ಕರು. ಅವರ ತಾಯಿಯೂ ವಾರಕ್ಕೊಮ್ಮೆ ಆ ಅಂಗಡಿಗೆ ಹೋಗುತ್ತಾರಂತೆ, ಮಗಳು ಕಿವಿ ಡಾಕ್ಟರೆಂಬ ಭಯವೇ ಇಲ್ಲ. ಕಿವಿ ತನ್ನನ್ನು ತಾನೇ ಚೊಕ್ಕಟ ಮಾಡಿಕೊಳ್ಳುತ್ತದೆ, ನೀವು ಸುಮ್ಮನಿದ್ದರೆ ಸಾಕು ಎಂದು ಅರ್ಧ ಜೀವನ ಹೇಳಿದ್ದೇನೆ, ಮನೆಯಲ್ಲೇ ಯಾರೂ ಒಪ್ಪಿಲ್ಲ ಎಂದರು. ನಗುತ್ತಲೇ ಸೂಕ್ಷ್ಮದರ್ಶಕ ಬಗ್ಗಿಸಿದರು. ಕೆಂಪು ಇನ್ನೂ ಇತ್ತು.

ಅದರ ಮರುದಿನವೂ ಇತ್ತು. ಸವಿತಾ ಊಟ ಬಿಟ್ಟಳು. ದೇವರಿಗೆ ಹರಕೆ ಹೊತ್ತಳು, ಯಾವ ದೇವರಿಗೆ ಎಂದು ಕೇಳಿದರೆ ಎಲ್ಲರಿಗೂ ಎಂದಳು. ಬೈಯಬೇಕೆಂದು ನಾನು ಕೂಡಿಟ್ಟುಕೊಂಡಿದ್ದ ಮಾತನ್ನೆಲ್ಲ ಅವಳ ಬಾಡಿದ ಮುಖ ನೋಡಿ ಹಾಗೇ ಇಟ್ಟುಕೊಂಡೆ.

ವಾರದ ಕೊನೆಯ ದಿನ ಡಾಕ್ಟರ್ ಶೆನ್ ಬಹಳ ಹೊತ್ತು ನೋಡಿದರು. ತಲೆ ಎತ್ತಿ ಶೆರಿನ್‌ಗೆ ಹೇಳಿದ್ದು ಚಿಕ್ಕ ಮಾತು. 'ನಾಳೆ ಮಾಡ್ತದೆ' ಎಂದಳು ಶೆರಿನ್. ಸವಿತಾ ನೆಲದ ಮೇಲೆ ಕೂತುಬಿಟ್ಟಳು. ಎದುರು ಬೆಂಚಿನ ಹೆಂಗಸು ಎದ್ದು ಮಗುವನ್ನು ಹೆಗಲಿಗೆ ಹಾಕಿಕೊಂಡು ಲಿಫ್ಟಿನ ಕಡೆ ನಡೆದಳು.

ಆಪರೇಷನ್ ಕೋಣೆಯ ಹೊರಗೆ

ಔಷಧಿಯನ್ನು ಮಂಜಿಗಿಂತ ತಣ್ಣಗೆ ಇಟ್ಟಿರುತ್ತಾರೆ. ಒಮ್ಮೆ ಕರಗಿಸಿದರೆ ಅವತ್ತೇ ಬಳಸಬೇಕು. ಅದನ್ನು ಹೊತ್ತ ಡಬ್ಬಿ ನಮ್ಮ ಮುಂದೆಯೇ ಒಳಗೆ ಹೋಯಿತು. ಹನಿಯಷ್ಟೇ ಔಷಧಿಯಂತೆ. ಅದನ್ನು ಕಿವಿಯ ಒಳಗಿನ ಶಂಖದಾಕಾರದ ಭಾಗಕ್ಕೆ ಕೂದಲೆಳೆಯಂಥ ಕೊಳವೆಯಿಂದ ನಿಧಾನಕ್ಕೆ ಬಿಡುತ್ತಾರೆ. ಅವಸರ ಮಾಡಿದರೆ ಇರುವ ಜೀವಕೋಶಗಳೂ ಹೋಗುತ್ತವೆ.

ಹೊರಗೆ ಕೂತ ಚೀನೀಯರು ಸೂರ್ಯಕಾಂತಿ ಬೀಜ ಬಿಡಿಸುತ್ತ, ಫೋನಿನಲ್ಲಿ ಜೋರಾಗಿ ವಿಡಿಯೊ ನೋಡುತ್ತ ಕಾಯುತ್ತಾರೆ. ಮೈಸೂರಿನ ಆಸ್ಪತ್ರೆಯಲ್ಲಿ ನಾವು ಬುತ್ತಿ ಬಿಚ್ಚಿಕೊಂಡು ಕಾಯುತ್ತೇವೆ, ಅದೂ ಇದೂ ಒಂದೇ. ಒಬ್ಬ ಮುದುಕ ನನ್ನ ಅಂಗೈಗೆ ಒಂದು ಹಿಡಿ ಬೀಜ ಸುರಿದ. ಸುಮ್ಮನೆ ಬಿಡಿಸುತ್ತ ಹೋದೆ, ತಿನ್ನಲಾಗಲಿಲ್ಲ. ಮಾಮ ಫೋನ್ ಮಾಡಿದರು. ಮಾಮ ಎಲ್ಲರೊಂದಿಗೂ ಕೂಗಿಯೇ ಮಾತಾಡುವವರು. 'ಏನಂತರೆ? ಎಷ್ಟೊತ್ತಾಯ್ತದಂತೆ? ಇಲ್ಲಿ ಬ್ಯಾರನ್ನಲ್ಲಿ ಸೊಪ್ಪು ಬೇಯ್ತಾ ಅದೆ, ನನ್ನೊಟ್ಟೆನೂ ಅಂಗೇ ಬೇಯ್ತಾ ಅದೆ ಕಣವ್ವ' ಎಂದರು. ಕಾರಿಡಾರಿನ ಆ ತುದಿಯವರೆಗೂ ಕೇಳಿಸಿತು.

ಡಾಕ್ಟರ್ ಶೆನ್ ಹೊರಗೆ ಬಂದಾಗ ಮುಖದ ಮೇಲೆ ಮಾಸ್ಕಿನ ಗೆರೆ ಮೂಡಿತ್ತು. ಔಷಧಿ ಪೂರ್ತಿ ಹೋಗಿದೆ, ಮಗು ಚೆನ್ನಾಗಿದೆ, ಇನ್ನು ಕಾಯುವುದು ಎಂದರು. ಪ್ರೋಟೀನು ತಯಾರಾಗಲು ಕೆಲವು ವಾರ ಬೇಕು. ಕೆಲವು ಮಕ್ಕಳಿಗೆ ಬೇಗ, ಕೆಲವರಿಗೆ ನಿಧಾನ. ಡಾಕ್ಟರ್ ಶೆನ್ ಇನ್ನೊಂದು ವಾಕ್ಯ ಹೇಳಿದರು. ಶೆರಿನ್ ಅದನ್ನು ದಾಟಿಸಲಿಲ್ಲ, ನಾನೂ ಕೇಳಲಿಲ್ಲ.

ಬಾಡಿಗೆ ಕೋಣೆ

ಮೊದಲ ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ಮಗುವಿಗೆ ನಿದ್ದೆ ಬರಿಸಿ, ತಲೆಗೆ ವೈರು ಅಂಟಿಸಿ, ಕಿವಿಗೆ ಶಬ್ದ ಬಿಡುತ್ತಾರೆ. ನರ ಕೇಳಿಸಿಕೊಂಡರೆ ಪರದೆಯ ಮೇಲೆ ಗೆರೆ ಎದ್ದು ಬೀಳಬೇಕು. ಹಂಸಿಯ ಗೆರೆ ಕೆರೆಯ ನೀರಿನ ಹಾಗೆ ಮಲಗಿತ್ತು. ಇನ್ನೆರಡು ವಾರ ಬಿಟ್ಟು ನೋಡೋಣ ಎಂದರು.

ಆ ಎರಡು ವಾರ ನಾವು ಅಕ್ಕತಂಗಿ ಹೇಗೆ ಕಳೆದೆವೋ ನಮಗೇ ಗೊತ್ತು. ಒಬ್ಬಳು ಮಗುವಿನ ಹಿಂದೆ ಹೋಗಿ ಚಪ್ಪಾಳೆ ತಟ್ಟುವುದನ್ನು ಇನ್ನೊಬ್ಬಳು ನೋಡದವಳಂತೆ ನಟಿಸುವುದು, ಇಷ್ಟೇ. ಹಂಸಿ ತಿರುಗಲಿಲ್ಲ. ಮುಂದಿನ ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಊಟ ಮುಗಿಸಿ ಮಗು ಮಂಚದ ಮೇಲೆ ನಿದ್ದೆ ಹೋಗಿತ್ತು. ಪಾತ್ರೆ ತೊಳೆಯುತ್ತ ನಾನೇ ಮಾತು ತೆಗೆದೆ.

'ನಾಳೆಯೂ ಗೆರೆ ಏಳದಿದ್ರೆ ಊರಿಗೆ ಹೋಗಿ ಎಡಗಿವಿಗೆ ಮಿಷನ್ ಹಾಕಿಸೋಣ ಸವಿ. ಇನ್ನೂ ತಡ ಮಾಡಿದ್ರೆ ಮಗೂಗೆ ಮಾತು ಕಲಿಯೋ ವಯಸ್ಸು ಹೋಯ್ತದೆ.'

'ನಿಂಗೆ ಮೊದ್ಲಿಂದ್ಲೂ ಇದು ಬ್ಯಾಡ್ದಾಗಿತ್ತು' ಎಂದಳು ಬಾಗಿಲ ಬಳಿ ನಿಂತಿದ್ದ ಸವಿತಾ. 'ಆಗ್ದೆ ಇದ್ರೆ ನಿಂಗೇ ಸಂತೋಸ.'

ಕೂಡಿಟ್ಟದ್ದೆಲ್ಲ ಆಗ ಹೊರಗೆ ಬಂತು. 'ನಂಗ್ ಸಂತೋಷಾನಾ? ಸ್ಕೂಲು ಬಿಟ್ಟು ಬಂದು ಇಲ್ಲಿ ಕೂತಿರೋಳಿಗೆ? ಎಣ್ಣೆ ಬಿಟ್ಟು ಕಿವಿ ಕೆಡಿಸಿದೋಳು ಯಾರೇ? ಬೇಡ ಬೇಡ ಅಂದ್ರೂ ಸೀಸೆ ಬಚ್ಚಿಟ್ಕೊಂಡು ಬಂದೋಳು ಯಾರು?'

'ಊ ಕಣಕ್ಕ, ನಾನೇಯ! ಎಣ್ಣೇನೂ ನಂದೇ, ಕೆಟ್ಟ ರಕ್ತಾನೂ ನಂದೇ! ಮಾಮನ್ಗೆ ಮೊದ್ಲು ನೀನೇ ಅಂತ ಮಾತಾಗಿತ್ತು. ಓದ್ತೀನಿ, ಒಲ್ಲೆ ಅಂದೆ. ನಂಗೆ ಒಲ್ಲೆ ಅನ್ನಕ್ಕೆ ಬಾಯೆಲ್ಲಿತ್ತು?'

ಒಲ್ಲೆ ಎಂದದ್ದು ತಪ್ಪೆಂದು ನನಗೆ ಅವತ್ತೂ ಅನ್ನಿಸಿರಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ಆದರೆ ಅವಳ ಮಾತು ಸುಳ್ಳೂ ಅಲ್ಲ. ಅದಕ್ಕೇ ಅಷ್ಟು ಉರಿಯಿತು. ಇಬ್ಬರೂ ಒಟ್ಟಿಗೆ ಕೂಗಾಡಿದೆವು. ಮಲಗಿದ ಮಗುವಿನ ತಲೆಯ ಮೇಲೆಯೇ ಜಗಳವಾಡುವುದು ನಮ್ಮ ಮನೆಯಲ್ಲಿ ರೂಢಿ. ಮಿಕ್ಸಿ, ಟಿವಿ, ದೀಪಾವಳಿಯ ಪಟಾಕಿ, ಯಾವುದಕ್ಕೂ ಅವಳು ಎದ್ದವಳಲ್ಲ.

'ಬಾಯೆಲ್ಲಿತ್ತು ಯೋಳು!' ಎಂದು ಸವಿತಾ ಕಿರುಚಿದಳು.

ಹಂಸಿ ಬೆಚ್ಚಿಬಿದ್ದು ಎದ್ದು ಕೂತಳು. ಕೆಳತುಟಿ ಅದುರಿತು. ಜೋರಾಗಿ ಅಳತೊಡಗಿದಳು.

ಮಂಚ ಅಲುಗಿರಬೇಕು ಎಂದುಕೊಂಡೆ. ಯಾರೂ ಮಂಚದ ಹತ್ತಿರ ಇರಲಿಲ್ಲ. ನಾನು ವಿಜ್ಞಾನದ ಮೇಷ್ಟ್ರಮ್ಮ, ಇನ್ನೊಮ್ಮೆ ಪರೀಕ್ಷಿಸದೆ ನಂಬುವವಳಲ್ಲ; ತಟ್ಟೆಯ ಮೇಲೆ ಸೌಟು ಬಡಿಯಲು ಎತ್ತಿದೆ. ಸವಿತಾ ಓಡಿಬಂದು ನನ್ನ ಕೈ ಹಿಡಿದಳು. ಮಗುವಿನ ಬೆನ್ನು ನಮ್ಮ ಕಡೆಗಿತ್ತು. ಸವಿತಾ ನಿಂತಲ್ಲಿಂದಲೇ 'ಯಾಕವ್ವ?' ಎಂದಳು.

ಹಂಸಿಯ ಅಳು ನಿಂತಿತು. ತಲೆ ತಿರುಗಿಸಿದಳು. ನಮ್ಮ ಕಡೆಗಲ್ಲ, ಬಲಕ್ಕೆ, ಬರೀ ಗೋಡೆಯ ಕಡೆಗೆ. ಒಂದೇ ಕಿವಿ ಕೇಳುವವರಿಗೆ ಶಬ್ದ ಎಲ್ಲಿಂದ ಬಂತೆಂದು ಗೊತ್ತಾಗುವುದಿಲ್ಲ. ಗೋಡೆಯಲ್ಲಿ ಯಾರನ್ನೋ ಹುಡುಕುವ ಹಾಗೆ ನೋಡುತ್ತ ಕೂತಳು. ನಾನು ಅತ್ತೆ, ಸವಿತಾ ಅತ್ತಳು, ಇಬ್ಬರೂ ಬಾಯಿಗೆ ಸೆರಗು ಅಡ್ಡ ಹಿಡಿದು ಅತ್ತೆವು.

ಮಗುವನ್ನು ತೋಳಿನಲ್ಲಿ ತೂಗಿ ಮತ್ತೆ ಮಲಗಿಸುವಷ್ಟರಲ್ಲಿ ಮಾಮನ ಫೋನ್ ಬಂತು. ಎರಡನೇ ಸಲ ರಿಂಗಾಗುವ ಮೊದಲೇ ಸವಿತಾ ಎತ್ತಿದಳು. 'ಏನಮ್ಮಿ, ನಾಳೀಕೆ ಅಲ್ವಾ ಪರೀಕ್ಸೆ? ಡಾಕ್ಟ್ರು ಏನಾರ ಅಂದ್ರಾ?' ಎಂದು ಮಾಮ ಎಂದಿನಂತೆ ಕೂಗಿದ್ದು ನನಗೂ ಕೇಳಿಸಿತು.

'ಮೆತ್ತಗೆ ಮಾತಾಡಿ ಮಾಮ' ಎಂದಳು ಸವಿತಾ. 'ಕೂಸು ಮಲಗ್ಯದೆ.'

ಮೂರು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ಆ ಮಾತು ಆಡಿರಲಿಲ್ಲ.

'ಏನಂದೆ?' ಎಂದರು ಮಾಮ.

ಅವಳು ಅದನ್ನೇ ಇನ್ನೊಮ್ಮೆ ಹೇಳಿದಳು. ಅಷ್ಟು ಮೆಲ್ಲಗೆ ಮಾಮ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

'ಮಲಗ್ಲಿ, ಮಲಗ್ಲಿ ಬುಡು. ನಾನು ಆಮೇಕ್ ಮಾಡ್ತೀನಿ.'